ತೂಕದ ಪಂದ್ಯ ಬೇಡ ತಮ್ಮಾ, ಈ ಆಟ ನಾನು ಆಡಿ ಬಿಟ್ಟಿದ್ದೇನೆ

ಈ ಗುಂಪಿನಲ್ಲಿ ರಾಯಚೂರಿನ ತಮ್ಮ ಹಾಕಿದ ಪೋಸ್ಟ್ ನೋಡಿದೆ. ಮೊದಲ ಸಾಲು ಓದಿ ಲೈಕ್ ಒತ್ತಿದೆ, ಪೂರ್ತಿ ಓದಿದ ಮೇಲೆ ವಾಪಸ್ ತೆಗೆದೆ. ಏಪ್ರಿಲ್ 1ರಿಂದ 30 ದಿನ ಅವನ ಅಗ್ನಿಶಾಮಕ ಠಾಣೆಯಲ್ಲಿ ತೂಕ ಇಳಿಸುವ ಪಂದ್ಯ. ದಿನಾ ಕಾಟಾ ಮೇಲೆ ನಿಂತ ಫೋಟೊ ಗುಂಪಿಗೆ. ಕೊನೆಗೆ ಬಂದವನು ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು. ಪಿ.ಟಿ. ತಪ್ಪಿಸಿದವನಿಗೆ 200 ಬಸ್ಕಿ. ನಿನ್ನ ಉಮೇದಿಗೆ ನನ್ನ ತಕರಾರಿಲ್ಲ. ಆದರೆ ಈ ನಾಲ್ಕೂ ನಾನು ಮಾಡಿದ್ದೇ, ಅದೂ ಏಪ್ರಿಲ್‌ನಲ್ಲೇ. ಅಗ್ನಿಶಾಮಕ ಸಪ್ತಾಹಕ್ಕೆ ಎಲ್ಲರೂ ಫಿಟ್ ಆಗಿ ಕಾಣಬೇಕು ಅಂತ ನನಗೂ ಹುಕಿ ಬಂದಿತ್ತು.

ಆಗ ನಾನು ಕೊಪ್ಪಳ ಜಿಲ್ಲೆಯ ಒಂದು ಠಾಣೆಯಲ್ಲಿ ಪ್ರಮುಖ ಅಗ್ನಿಶಾಮಕ. ಹನ್ನೊಂದು ಜನ, ತಲೆಗೆ 200 ರೂಪಾಯಿ. ಪಕ್ಕದ ಅಕ್ಕಿ ಗಿರಣಿಯಿಂದ ಹಳೇ ಕಾಟಾ ತಂದು ವಾಚ್ ರೂಮ್ (ಕರೆ ಬರುವ ಕೋಣೆ) ಬಾಗಿಲಲ್ಲಿ ಇಟ್ಟೆವು. ಮೊದಲ ವಾರ ನಗೆಚಾಟಿಕೆ. ಎರಡನೇ ವಾರ ಮಧ್ಯಾಹ್ನದ ಊಟಕ್ಕೆ ಡಬ್ಬಿ ತರುವವರು ಕಡಿಮೆಯಾದರು. ನಾಲ್ಕನೇ ವಾರದಲ್ಲಿ ಒಬ್ಬ ಹುಡುಗ ಎರಡು ದಿನ ನೀರೂ ಸರಿಯಾಗಿ ಕುಡಿದಿರಲಿಲ್ಲ. ಅದು ನಮಗೆ ಆಮೇಲೆ ಗೊತ್ತಾಗಿದ್ದು. ಕೊನೆಯ ದಿನ ಬೆಳಿಗ್ಗೆ ತೂಕ ಹಾಕಿದಾಗ ಆರೂವರೆ ಕೆ.ಜಿ. ಇಳಿದು ಅವನೇ ಗೆದ್ದ. ಶಿಳ್ಳೆ ಹೊಡೆದೆವು.

ಹನ್ನೊಂದು ಗಂಟೆಗೆ ಕರೆ ಬಂತು. ಗಿರಣಿಯ ಹೊಟ್ಟಿನ ರಾಶಿ. ಹೊಟ್ಟಿನ ಬೆಂಕಿ ನಿಮಗೆ ಗೊತ್ತಲ್ಲ, ಮೇಲೆ ಆರಿದಂತೆ ಕಾಣುತ್ತದೆ, ಒಳಗೆ ಹೊಗೆಯಾಡುತ್ತಲೇ ಇರುತ್ತದೆ. ಕೆದರಬೇಕು, ನೀರು ಹೊಡೆಯಬೇಕು, ಮತ್ತೆ ಕೆದರಬೇಕು. ಒಂದೂವರೆ ಹೊತ್ತಿಗೆ ಗೆದ್ದ ಹುಡುಗ ಬ್ರಾಂಚ್, ಅಂದರೆ ಹೋಸ್‌ನ ಮೂತಿ, ಹಿಡಿದುಕೊಂಡೇ ಏನೇನೋ ಮಾತಾಡತೊಡಗಿದ. ಆಮೇಲೆ ಕುಸಿದ. ಪಂಪಿನ ನೀರನ್ನೇ ಮೈತುಂಬ ಸುರಿದೆವು, ಗಿರಣಿಯವರು ಐಸ್ ತಂದರು, ಕಂಕುಳಿಗೆ ತೊಡೆಸಂದಿಗೆ ಇಟ್ಟೆವು, ಆಂಬ್ಯುಲೆನ್ಸ್‌ನಲ್ಲಿ ಕಳಿಸಿದೆವು. ಉಳಿದುಕೊಂಡ. ಸಂಜೆ ಸಾಹೇಬರು ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು: "ಯಾರು ಗೆದ್ದಿದ್ದು?"

ಬಿಸಿಲು ಬಡಿದವನು ಗೊಂದಲದಿಂದ ಮಾತಾಡಿದರೆ ಅಲ್ಲೇ ತಣ್ಣಗೆ ಮಾಡುವುದನ್ನು ಶುರು ಮಾಡಿ. ಆಂಬ್ಯುಲೆನ್ಸ್ ಬರಲಿ ಅಂತ ಕಾಯಬೇಡಿ. ನೀರು ನಮ್ಮ ಬಳಿ ಇರುವಷ್ಟು ಯಾರ ಬಳಿ ಇದೆ? ಎಚ್ಚರ ಸರಿಯಿಲ್ಲದವನ ಬಾಯಿಗೆ ಮಾತ್ರ ಹಾಕಬೇಡಿ.

ಇದು ಎಲ್ಲರ ಕಣ್ಣಿಗೆ ಬಿದ್ದ ಅನಾಹುತ. ಕಣ್ಣಿಗೆ ಬೀಳದ್ದು ಬೇರೆ ಇತ್ತು. ಪಂದ್ಯದಲ್ಲಿ ಕೊನೆಗೆ ಬಂದವರು ನಮ್ಮ ಹಿರಿಯ ಚಾಲಕರು. ವಯಸ್ಸು ಐವತ್ತು ದಾಟಿತ್ತು, ತೂಕ ತೊಂಬತ್ತಾರು, ಬಿ.ಪಿ. ಮಾತ್ರೆ ಬೇರೆ. ಎರಡನೇ ವಾರದಲ್ಲಿ ಯಾರೋ ಅವರ ಕಾಟಾ ಫೋಟೊ ಕೆಳಗೆ ಆನೆಯ ಚಿತ್ರ ಹಾಕಿದ. ಎಲ್ಲರೂ ನಕ್ಕೆವು, ಅವರೂ ನಕ್ಕರು. ಮರುದಿನದಿಂದ ಅವರು ಪಿ.ಟಿ.ಗೆ ಬರಲಿಲ್ಲ. ಮೊಣಕಾಲು ನೋವು ಅಂದರು, ಗಾಡಿ ಒರೆಸಬೇಕು ಅಂದರು. ನಮ್ಮಲ್ಲಿ ಯಾರಿಗೆ ವ್ಯಾಯಾಮ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರನ್ನೇ ಓಡಿಸಿದೆವು. ನಿನ್ನ ಠಾಣೆಯಲ್ಲೂ ಅಂಥವರು ಒಬ್ಬರು ಇರುತ್ತಾರೆ. ಈಗಲೇ ಮನಸ್ಸಿನಲ್ಲಿ ಹೆಸರು ಬಂತು, ಅಲ್ವಾ?

ಅಮೆರಿಕದಲ್ಲಿ ಡ್ಯೂಟಿ ಮೇಲೆ ತೀರಿಕೊಳ್ಳುವ ಅಗ್ನಿಶಾಮಕರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹೋಗುವುದು ಹೃದಯದ ತೊಂದರೆಯಿಂದ. 2007ರಲ್ಲಿ ಅಲ್ಲಿನ ವೈದ್ಯರು ಲೆಕ್ಕ ತೆಗೆದಾಗ, ಆ ಹೃದಯದ ಸಾವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಬೆಂಕಿ ಆರಿಸುವ ಹೊತ್ತಿನಲ್ಲೇ ಆಗಿತ್ತು. ಬೆಂಕಿ ಆರಿಸುವುದಕ್ಕೆ ಹೋಗುವ ಸಮಯವೋ, ವರ್ಷದ ಕೆಲಸದಲ್ಲಿ ನೂರಕ್ಕೆ ಐದು ಪಾಲೂ ದಾಟುವುದಿಲ್ಲ. ಉಳಿದ ಹೊತ್ತು ಕೂತಿರುತ್ತೇವೆ, ಗಂಟೆ ಹೊಡೆದ ಕೂಡಲೇ ಎದ್ದು ಓಡುತ್ತೇವೆ. ಈ ಏರಿಳಿತಕ್ಕೆ ಹೃದಯವನ್ನು ತಯಾರು ಮಾಡಬೇಕು. ಹೊಟ್ಟೆ ಕರಗುವುದು ಅದರ ಹಿಂದೆ ತಾನಾಗಿ ಬರುತ್ತದೆ, ನಿಧಾನಕ್ಕೆ.

ಈಗ ನನ್ನ ಜೋಡಿ ಲೆಕ್ಕ. ಎಲ್ಲಿ ಹೋದರೂ ಇದನ್ನೇ ಹೇಳುತ್ತೇನೆ ಅಂತ ನಗುತ್ತಾರೆ, ನಗಲಿ.

ಬಿ.ಎ. ಸೆಟ್, ಅಂದರೆ ಬೆನ್ನಿಗೆ ಕಟ್ಟುವ ಉಸಿರಾಟದ ಗಾಳಿಯ ಸಿಲಿಂಡರ್, ಹಾಕಿಕೊಂಡು ಹೊಗೆಯೊಳಗೆ ಹೋಗುವುದು ಜೋಡಿಯಾಗಿ, ಬರುವುದೂ ಜೋಡಿಯಾಗಿ. 6.8 ಲೀಟರ್ ಸಿಲಿಂಡರ್‌ನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2000 ಲೀಟರ್ ಗಾಳಿ. ಹೆಸರಿಗೆ 45 ನಿಮಿಷದ್ದು. ಆ ಲೆಕ್ಕ ನಿಮಿಷಕ್ಕೆ 40 ಲೀಟರ್ ಎಳೆಯುವವನಿಗೆ, ಹೊರಬರಲು ಉಳಿಸಿದ ಗಾಳಿ ಬಿಟ್ಟು. ಮೆಟ್ಟಿಲು ಹತ್ತಿ, ಹೋಸ್ ಎಳೆದು, ಏದುಸಿರು ಬಿಡುವವನು 80 ಲೀಟರ್ ಎಳೆದರೆ ಇಪ್ಪತ್ತು ನಿಮಿಷಕ್ಕೆ ಗಾಳಿ ಮುಗಿಯುತ್ತ ಬಂತು ಅಂತ ಸೀಟಿ ಹೊಡೆಯುತ್ತದೆ. ಜೊತೆಗಾರನ ಸಿಲಿಂಡರ್ ಅರ್ಧ ಇದ್ದರೂ ಇಬ್ಬರೂ ಹೊರಗೆ ಬರಬೇಕು. ಅಂದ ಮೇಲೆ ನೀನೊಬ್ಬ ಕುದುರೆ ಥರ ಇದ್ದು ಏನು ಬಂತು? ನಿನ್ನ ಗಾಳಿ ನಿನ್ನ ಜೊತೆಗಾರನ ಎದೆಯಲ್ಲಿದೆ.

ಹಾಗಾಗಿ ನಾವು ಮಾಡಿದ್ದು ಇಷ್ಟು. ಚೀಟಿ ಎತ್ತಿ ಜೋಡಿ ಮಾಡಿದೆವು, ಒಬ್ಬ ಹುಡುಗ ಒಬ್ಬ ಹಿರಿಯ, ಒಂದೇ ಪಾಳಿಯವರು. ಅಂಗಳದಲ್ಲೇ ಒಂದು ಸುತ್ತು. ಸುತ್ತಿಟ್ಟ 63 ಎಂ.ಎಂ. ಹೋಸ್ ಹೆಗಲಿಗೆ ಹಾಕಿಕೊಂಡು ಅರವತ್ತು ಮೀಟರ್ ಚುರುಕು ನಡಿಗೆ, ಓಟ ಅಲ್ಲ. ಡ್ರಿಲ್ ಟವರ್ ಎರಡು ಸಲ ಹತ್ತಿ ಇಳಿಯುವುದು. ಟವರ್ ಇಲ್ಲದ ಠಾಣೆಯವರು ಯಾವುದಾದರೂ ಎರಡು ಮಹಡಿ ಮೆಟ್ಟಿಲು ಹಿಡಿಯಿರಿ. ಮರಳು ತುಂಬಿದ ಚೀಲ ಇಪ್ಪತ್ತೈದು ಮೀಟರ್ ಎಳೆಯುವುದು. ಹಗ್ಗದಲ್ಲಿ ಬಕೆಟ್ ಮೇಲೆತ್ತುವುದು. ಕೊನೆಗೆ ನೀರು ತುಂಬಿದ ಹೋಸ್ ಇಬ್ಬರೂ ಸೇರಿ ಎಳೆಯುವುದು. ಇದನ್ನು ಬಿಡಬೇಡಿ. 15 ಮೀಟರ್ ಉದ್ದದ 63 ಎಂ.ಎಂ. ಹೋಸ್‌ನಲ್ಲಿ ನೀರೇ 47 ಕೆ.ಜಿ. ಹತ್ತಿರ ಇರುತ್ತದೆ. ಜಿಮ್‌ನ ಯಾವ ಯಂತ್ರವೂ ಹಾಗೆ ಕೈಗೆ ಸಿಗದೆ ಹೊರಳುವುದಿಲ್ಲ.

ನಿಯಮ ಒಂದೇ. ಹಿಂದೆ ಉಳಿದವನು ಗೆರೆ ದಾಟಿದಾಗ ಗಡಿಯಾರ ನಿಲ್ಲುತ್ತದೆ, ಅದೇ ಜೋಡಿಯ ಟೈಮ್. ಮುಂದೆ ಬಂದವನು ವಾಪಸ್ ಹೋಗಿ ಜೊತೆಗೆ ನಡೆಯಬಹುದು, ಮಾತಾಡಿಸಬಹುದು, ಅವನ ಭಾರ ಹೊರುವ ಹಾಗಿಲ್ಲ. ಟೈಮ್ ಬರೆಯುವುದು ವಾಚ್ ರೂಮ್ ನೋಟ್‌ಬುಕ್‌ನಲ್ಲಿ. ಮೊಬೈಲ್ ಗುಂಪಿಗೆ ಹಾಕುವಂತಿಲ್ಲ. ಜೋಡಿ ತನ್ನ ಹಿಂದಿನ ತಿಂಗಳ ಟೈಮ್ ಮುರಿದರೆ ಗೆದ್ದಂತೆ.

ನಮ್ಮ ಚಾಲಕರಿಗೆ ಜೋಡಿಯಾಗಿ ಸಿಕ್ಕವನು ಇಪ್ಪತ್ತಾರರ ಹುಡುಗ, ಗರಡಿಯಲ್ಲಿ ಬೆಳೆದವನು. ಅವನು ಅವರಿಗೆ ಒಂದು ದಿನವೂ ಬುದ್ಧಿ ಹೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿ "ಅಣ್ಣಾರ, ನೀವು ಬರಲಿಲ್ಲ ಅಂದ್ರ ನನ್ನ ಟೈಮ್ ಬರಂಗಿಲ್ಲ" ಅನ್ನುತ್ತಿದ್ದ. ಅಷ್ಟೇ. ಮೊದಲ ಸಲ ಆ ಜೋಡಿಗೆ ಹದಿನಾಲ್ಕು ನಿಮಿಷ ಹಿಡಿಯಿತು. ಟವರ್ ಎರಡನೇ ಸಲ ಹತ್ತಲು ಅವರಿಗೆ ಆಗಲಿಲ್ಲ, ಅರ್ಧಕ್ಕೇ ಕೂತರು. ಹುಡುಗ ಪಕ್ಕದಲ್ಲಿ ಕೂತು ಕೊಪ್ಪಳ ಜಾತ್ರೆಯ ಮಿರ್ಚಿ ಬಗ್ಗೆ ಮಾತಾಡಿದ. ಐದನೇ ತಿಂಗಳಿಗೆ ಹತ್ತು ನಿಮಿಷದ ಒಳಗೆ ಬಂದರು. ಸೊಂಟದ ಬೆಲ್ಟ್ ಎರಡು ತೂತು ಒಳಗೆ ಹೋಗಿತ್ತು. ತೂಕ ಎಷ್ಟು ಇಳಿಯಿತು ಅಂತ ನಾನು ಕೇಳಲಿಲ್ಲ.

ಎಚ್ಚರಿಕೆಗಳೂ ಇವೆ. ಓದದೆ ಮುಂದೆ ಹೋಗಬೇಡಿ.

ಈ ಸುತ್ತು ತಿಂಗಳಿಗೆ ಒಂದು ಸಲ ಮಾತ್ರ. ದಿನಾ ಮಾಡಿದರೆ ಮಂಡಿ ಹೋಗುತ್ತದೆ. ಉಳಿದ ದಿನ ನಡಿಗೆ, ಸಣ್ಣ ಓಟ, ದಂಡ, ಹಗ್ಗ. ಮಾತಾಡುತ್ತ ಮಾಡಲು ಆಗಬೇಕು, ಉಸಿರು ಕಟ್ಟಬಾರದು. ಹೊಸದಾಗಿ ಶುರು ಮಾಡುವವರು ಮೊದಲ ಹತ್ತು-ಹದಿನಾಲ್ಕು ದಿನ ಬಿಸಿಲಿಗೆ ಮೈ ಒಗ್ಗಿಸಿಕೊಳ್ಳಿ, ನಿಧಾನಕ್ಕೆ ಹೊತ್ತು ಹೆಚ್ಚಿಸಿ. ರಾಯಚೂರಿನ ಏಪ್ರಿಲ್‌ನಲ್ಲಿ ಬೆಳಿಗ್ಗೆ ಏಳರ ಮೇಲೆ ಡ್ರಿಲ್ ಇಟ್ಟರೆ ನಿನ್ನನ್ನೇ ಮೊದಲು ಕಾಟಾ ಮೇಲೆ ಮಲಗಿಸಬೇಕಾಗುತ್ತದೆ.

ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಇರುವವರು ವೈದ್ಯರಿಗೆ ತೋರಿಸದೆ ಗಡಿಯಾರದ ಮುಂದೆ ನಿಲ್ಲಬಾರದು. ಮಲಗಿಸಿ ತೆಗೆದ ಇ.ಸಿ.ಜಿ. ಚೆನ್ನಾಗಿದೆ ಅಂದರೆ ಎಲ್ಲ ಸರಿ ಅಂತಲೂ ಅಲ್ಲ. ಮೆಟ್ಟಿಲು ಹತ್ತಿದಾಗ ಎದೆ ಬಿಗಿದರೆ, ದವಡೆ, ಎಡಗೈ ನೋಯ್ದರೆ ಬಾಯಿಬಿಟ್ಟು ಹೇಳಿ. ಗ್ಯಾಸ್ ಅಂತ ಸೋಡಾ ಕುಡಿದು ಸುಮ್ನೆ ಕೂರಬೇಡಿ. ನಮ್ಮಲ್ಲಿ ಡ್ರಿಲ್ ದಿನ ಬಿ.ಪಿ. ನೋಡಿಯೇ ಬಿಡುತ್ತೇವೆ. ಮೇಲಿನ ಅಂಕಿ 160ರ ಮೇಲೆ ಅಥವಾ ಕೆಳಗಿನದು 100ರ ಮೇಲೆ ಇದ್ದರೆ ಆವತ್ತು ಅವನು ಟೈಮ್ ಬರೆಯುವವನು, ಮರುದಿನ ಆಸ್ಪತ್ರೆಗೆ. ಠಾಣೆಗೆ ಒಂದು ಓಮ್ರಾನ್ ಯಂತ್ರ ತಗೊಳ್ಳಿ, ತೋಳಿಗೆ ಕಟ್ಟುವಂಥದ್ದು. ಮಣಿಕಟ್ಟಿನದು ನನಗೆ ಸರಿ ಬರಲಿಲ್ಲ. ಗಡಿಯಾರ ಸಾದಾ ಕ್ಯಾಸಿಯೊ ಸಾಕು. ಕೈಗೆ ಹದಿನೈದು ಸಾವಿರದ ವಾಚ್ ಕಟ್ಟಿ ಬಾಯಲ್ಲಿ ಗುಟ್ಕಾ ಇಟ್ಟುಕೊಂಡವರನ್ನು ನೋಡಿದ್ದೇನೆ. ಯಾರು ಅಂತ ಹೇಳುವುದಿಲ್ಲ, ಈ ಗುಂಪಿನಲ್ಲೇ ಇದ್ದಾರೆ.

200 ಬಸ್ಕಿ ಶಿಕ್ಷೆ ಬಗ್ಗೆ. ಇದು ಮಾತ್ರ ಖಂಡಿತ ಬೇಡ. ಅಭ್ಯಾಸ ಇಲ್ಲದವನಿಂದ ಬಿಸಿಲಲ್ಲಿ ಒಂದೇ ಸಲ ಅಷ್ಟು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತದೆ, ಅದು ಕಿಡ್ನಿಗೆ ಪೆಟ್ಟು. ನಾನು ಮಾಡಿಸಿದವನಿಗೆ ಎರಡನೇ ದಿನ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂತು. ಪುಣ್ಯಕ್ಕೆ ಬೇಗ ಹೇಳಿದ, ಮೂರು ದಿನ ಸಲೈನ್ ಹಾಕಿ ಸರಿ ಮಾಡಿದರು. ಅಂಥ ಬಣ್ಣ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನುಂಗಿ ಮಲಗಬೇಡಿ, ಆ ಮಾತ್ರೆಯೂ ಕಿಡ್ನಿಗೆ ಭಾರ. ಇನ್ನೊಂದು ಮಾತು. ವ್ಯಾಯಾಮವನ್ನೇ ಶಿಕ್ಷೆ ಮಾಡಿದರೆ ಯಾರು ಖುಷಿಯಿಂದ ಮಾಡುತ್ತಾರೆ?

ನೀರಿನ ವಿಷಯಕ್ಕೆ ಕಾಟಾ ಉಪಯೋಗಕ್ಕೆ ಬರುತ್ತದೆ, ಪಂದ್ಯಕ್ಕಲ್ಲ. ಡ್ರಿಲ್‌ಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಅದು ಕೊಬ್ಬಲ್ಲ, ಒಂದು ಲೀಟರ್ ಬೆವರು. ವಾಪಸ್ ಕುಡಿಯಬೇಕು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೆ ನನಗೆ ಸಾಕಾಗುತ್ತದೆ. ದೊಡ್ಡ ಕರೆ ಆದಾಗ ಎಲೆಕ್ಟ್ರಾಲ್ ಪುಡಿ, ಒಂದು ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಲೋಟಕ್ಕೆ ಅರ್ಧ ಪೊಟ್ಟಣ ಸುರಿಯುವವರಿಗೆ ಏನು ಹೇಳಲಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್‌ಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಓ.ಆರ್.ಎಸ್. ಅಂತ ಹೆಸರಿಟ್ಟ ಸಿಹಿ ಜ್ಯೂಸ್ ಡಬ್ಬಿಗಳನ್ನು ನಂಬಬೇಡಿ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಎಫ್.ಎಸ್.ಎಸ್.ಎ.ಐ. ಅವಕ್ಕೆ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿದ್ದೂ ಇದಕ್ಕೇ. ಕೊಬ್ಬು ಕರಗಿಸುವ ಪುಡಿ ಅಂತ ಯಾರಾದರೂ ಠಾಣೆಗೆ ಮಾರಲು ಬಂದರೆ ಗೇಟಿನಲ್ಲೇ ಕಳಿಸಿ. ನಮ್ಮ ಒಬ್ಬ ಅದನ್ನು ಕುಡಿದು ರಾತ್ರಿಯೆಲ್ಲ ಎದೆ ಹೊಡೆದುಕೊಂಡು ಕೂತಿದ್ದ.

ಊಟ ಬಿಡುವುದಲ್ಲ, ಬದಲಿಸುವುದು. ಗಂಗಾವತಿ ಸೋನಾ ಮಸೂರಿ ನಮ್ಮ ಹೆಮ್ಮೆ, ಸರಿ, ಆದರೆ ಎರಡು ಹೊತ್ತು ತಟ್ಟೆ ತುಂಬ ಅದೇ ಆದರೆ ಹೇಗೆ? ಒಂದು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಚಟ್ನಿ. ಪಾಳಿಯಲ್ಲಿ ಇಬ್ಬರು ಸೇರಿ ಡಬ್ಬಿ ಹಂಚಿಕೊಳ್ಳಿ. ಸಂಜೆಯ ಮಂಡಕ್ಕಿ ಒಗ್ಗರಣಿ ಇರಲಿ, ಮಿರ್ಚಿ ಮಾತ್ರ ಎರಡಕ್ಕೆ ನಿಲ್ಲಿಸಿ. ನಾನು ನಿಲ್ಲಿಸುವುದು ಮೂರಕ್ಕೆ.

108ರ ಅಣ್ಣ ತಮ್ಮಂದಿರಿಗೂ ಇದೇ ಜೋಡಿ ಲೆಕ್ಕ ನಡೆಯುತ್ತದೆ. ಸ್ಟ್ರೆಚರ್ ಎತ್ತುವುದೂ ಇಬ್ಬರೇ ಅಲ್ವಾ? ಗೊಂಬೆಯ ಮೇಲೆ ಎದೆ ಒತ್ತುವ (ಸಿ.ಪಿ.ಆರ್.) ಅಭ್ಯಾಸವನ್ನೇ ವ್ಯಾಯಾಮ ಮಾಡಿಕೊಳ್ಳಿ. ನಿಮಿಷಕ್ಕೆ 100ರಿಂದ 120, ಐದು ಸೆಂಟಿಮೀಟರ್ ಆಳ, ಎರಡು ನಿಮಿಷಕ್ಕೊಮ್ಮೆ ಬದಲಿ, ಹತ್ತು ನಿಮಿಷ. ಮುಗಿಯುವಷ್ಟರಲ್ಲಿ ಅಂಗಿ ತೊಯ್ದಿರುತ್ತದೆ. ಸುಸ್ತಾದವನ ಒತ್ತು ಆಳಕ್ಕೆ ಹೋಗುವುದಿಲ್ಲ ಅನ್ನುವುದೂ ಜೊತೆಗಾರನ ಕಣ್ಣಿಗೇ ಕಾಣುತ್ತದೆ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸುವುದು ಹೇಗೆ ಅಂತ ಗಿರಣಿಯ ಹಮಾಲರನ್ನು ನೋಡಿ ಕಲಿಯಿರಿ. 75 ಕೆ.ಜಿ. ಭತ್ತದ ಚೀಲ ಅವರು ಹೆಗಲಿಗೆ ಏರಿಸುವುದನ್ನು ನಿಂತು ನೋಡಿದ ಮೇಲೆ ನನ್ನ ಸೊಂಟನೋವು ಕಡಿಮೆಯಾಗಿದೆ.

ನದಿ ದಂಡೆಯ ಠಾಣೆಯವರಿಗೆ ಈಜು. 2019ರ ಆಗಸ್ಟ್‌ನಲ್ಲಿ ಹಂಪಿ ಎದುರಿನ ನಡುಗಡ್ಡೆ ವಿರುಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದಾಗ ತುಂಗಭದ್ರೆ ಹೇಗೆ ಹರಿಯುತ್ತಿತ್ತು ಅಂತ ನೋಡಿದವರಿಗೆ ಹೇಳಬೇಕಿಲ್ಲ. ಈಜು ಬರುತ್ತದೆ ಅನ್ನುವವರು ಬೂಟು, ಲೈಫ್ ಜಾಕೆಟ್ ಹಾಕಿ ಒಮ್ಮೆ ಈಜಿ ನೋಡಿ. ಕೊಳದಲ್ಲಿ, ಜೋಡಿಯ ಜೊತೆ. ಎಡದಂಡೆ ಕಾಲುವೆಯಲ್ಲಿ ಬೇಡ. ಆ ಸಿಮೆಂಟ್ ಇಳಿಜಾರಿಗೆ ಕೈ ಹತ್ತುವುದಿಲ್ಲ.

ಅಂಜನಾದ್ರಿ ಹತ್ತುವ ಪ್ಲಾನ್ ಯಾರೋ ಕೇಳಿದ್ದರು. ಚೆನ್ನಾಗಿದೆ, 575 ಮೆಟ್ಟಿಲು, ಜೋಡಿಗಳಿಗೆ ಹೇಳಿ ಮಾಡಿಸಿದ್ದು. ಬೆಳಕು ಹರಿಯುವ ಹೊತ್ತಿಗೆ ಹೋಗಿ, ಶನಿವಾರ ಬಿಟ್ಟು, ಆವತ್ತು ಜಾಸ್ತಿ ಜನ. ಇಳಿಯುವಾಗ ಓಡಬೇಡಿ, ಮಂಡಿ ಹೋಗುವುದು ಇಳಿಯುವಾಗಲೇ. ಶೂ ನಿವಿಯಾ ಆದರೂ ಸಾಕು, ಲೇಸ್ ಬಿಗಿಯಾಗಿರಲಿ.

ತಮ್ಮಾ, ನಿನ್ನ ಪೋಸ್ಟ್ ತೆಗೆಯಬೇಡ, ತಿದ್ದು. ಏಪ್ರಿಲ್‌ನಲ್ಲಿ ಸುಮ್ನೆ ನಡಿಗೆ, ಬಿ.ಪಿ. ತಪಾಸಣೆ ಇಟ್ಟುಕೊ. ಗಡಿಯಾರ ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ತೆಗೆ. ಬಿರಿಯಾನಿಯನ್ನು ಸೋತವನಿಂದ ಕೊಡಿಸುವ ಬದಲು ಎಲ್ಲರೂ ಹಣ ಹಾಕಿ ಮಾಡಿ. ಆ ಹಿರಿಯರಿಗೆ ಜೋಡಿ ಯಾರು ಅಂತ ಚೀಟಿ ಎತ್ತುವ ಮುಂಚೆ ನನಗೊಂದು ಫೋನ್ ಮಾಡು. ಆ ಒಂದು ಚೀಟಿಯಲ್ಲಿ ನಾನು ಸ್ವಲ್ಪ ಮೋಸ ಮಾಡಿದ್ದೆ.