ಹಳದಿ ಬಣ್ಣಕ್ಕೆ ತಿರುಗಿದ ಹಾರ್ಡ್‌ಡಿಸ್ಕ್

ಪ್ರಶ್ನೆ: ಸರ್, ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಫೋಟೊಗಳಿರುವ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಕೆಲವು ಫೋಲ್ಡರ್ ತೆರೆದರೆ ಕಂಪ್ಯೂಟರ್ ಹಾಗೇ ನಿಂತುಬಿಡುತ್ತದೆ. ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ಹಳದಿ (ಎಚ್ಚರಿಕೆ) ತೋರಿಸುತ್ತಿದೆ, ಸಿ5 ಸಾಲಿನಲ್ಲಿ 8 ಅಂತಿದೆ. ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಲೇ? ಎಸ್‌ಎಸ್‌ಡಿಗೂ ಹೀಗೇ ಆಗುತ್ತಾ?
– ಓದುಗರು, ಸಾಗರ

ಉತ್ತರ: ಚೆಕ್‌ಡಿಸ್ಕ್ ಈಗಲೇ ಬೇಡ. ನಾನೊಮ್ಮೆ ಭಾವನ ಲ್ಯಾಪ್‌ಟಾಪಿಗೆ ರಾತ್ರಿ ಅದನ್ನು ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಬಯಾಸ್‌ನಲ್ಲೂ (ಕಂಪ್ಯೂಟರ್ ಶುರುವಾಗುವಾಗಿನ ಸೆಟಪ್) ಕಾಣಲಿಲ್ಲ. ಅಕ್ಕ ಇವತ್ತಿಗೂ ಆ ಮಾತು ಎತ್ತುತ್ತಾಳೆ. ಮೊದಲೇ ಸುಸ್ತಾದ ಡಿಸ್ಕನ್ನು ಗಂಟೆಗಟ್ಟಲೆ ಮೂಲೆಮೂಲೆಯೂ ಓದು ಅಂದರೆ ಇನ್ನೇನಾದೀತು!

ನಿಮ್ಮ 8 ನೋಡಿ ಗಾಬರಿಯಾಗಬೇಡಿ. ಈಚಿನ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ (ಡೇಟಾ ಬರೆಯುವ ಅತಿ ಚಿಕ್ಕ ಜಾಗ) ಅಂದರೆ ಸಾಮಾನ್ಯವಾಗಿ 4,096 ಬೈಟ್. ಕಂಪ್ಯೂಟರಿಗೆ ಮಾತ್ರ ಅದನ್ನು 512 ಬೈಟಿನ ಎಂಟು ತುಂಡು ಅಂತ ಲೆಕ್ಕ ಕೊಡುತ್ತವೆ. ಹಾಗಾಗಿ ಕೆಟ್ಟಿರುವುದು ಬಹುಶಃ ಒಂದೇ ಜಾಗ.

ಸಿ5 ಅಂದರೆ ‘ಓದೋಕೆ ಆಗಲಿಲ್ಲ, ತೀರ್ಮಾನ ಬಾಕಿ’ ಅಂತ. ಅಲ್ಲಿ ಹೊಸದಾಗಿ ಏನಾದರೂ ಬರೆದಾಗ ಸಾಮಾನ್ಯವಾಗಿ ಡಿಸ್ಕ್ ತೀರ್ಮಾನಿಸುವುದು. ಬರಹ ಕೂತರೆ ಸರಿ, ಇಲ್ಲದಿದ್ದರೆ ಆ ಜಾಗ ಬಿಟ್ಟು ಮೀಸಲು ಸೆಕ್ಟರ್ ತಗೊಳ್ಳುತ್ತದೆ, ಹೀಗೆ ಬದಲಿಸಿದ ಸೆಕ್ಟರ್‌ಗಳ ಲೆಕ್ಕವಿರುವ 05ನೇ ಸಾಲು ಏರುತ್ತದೆ. ಎರಡರಲ್ಲೂ ಹಳೆಯ ಫೋಟೊ ಹೋದಂತೆಯೇ ಅಲ್ವಾ? ಅದಕ್ಕೇ ಮೊದಲು ಕಾಪಿ.

ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಕಾಪಿ ತಂತ್ರಾಂಶದಲ್ಲಿ ಇಡೀ ಡಿಸ್ಕನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಚೆನ್ನಾಗಿರುವುದನ್ನೆಲ್ಲ ಅದು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಯಾವ ಡಿಸ್ಕಿನಿಂದ ಯಾವುದಕ್ಕೆ ಅಂತ ಎರಡು ಸಲ ನೋಡಿಕೊಂಡು ಎಂಟರ್ ಒತ್ತಿ. ನಡುವೆ ‘ಟಕ್ ಟಕ್’ ಸದ್ದು ಬಂತೋ, ಕರೆಂಟ್ ತೆಗೆದು ಡೇಟಾ ರಿಕವರಿಯವರ ಹತ್ತಿರ ಹೋಗಿ.

ಫೋಟೊಗಳೆಲ್ಲ ಬಂದ ಮೇಲೆ ಹಳೆಯ ಡಿಸ್ಕಿಗೆ ಫುಲ್ ಫಾರ್ಮ್ಯಾಟ್ ಮಾಡಿ, ಅದು ಪ್ರತಿ ಜಾಗಕ್ಕೂ ಹೊಸದಾಗಿ ಬರೆಯುತ್ತದೆ. ಕ್ವಿಕ್ ಫಾರ್ಮ್ಯಾಟ್ ಸುಮ್ನೆ ಕಣ್ಣೊರೆಸುವ ಕೆಲಸ. ಸಿ5 ಸೊನ್ನೆಯಾಗಿ 05 ಅಲ್ಲೇ ನಿಂತರೆ ಡಿಸ್ಕನ್ನು ಸಿನಿಮಾ ತುಂಬೋಕೆ ಇಟ್ಟುಕೊಳ್ಳಿ. ವಾರವಾರ ಏರುತ್ತಿದ್ದರೆ ಗುಜರಿಗೆ. ಏರುತ್ತಿರುವುದು ಸಿ7 (ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಡೇಟಾ ಸಾಗುವಾಗಿನ ತಪ್ಪುಗಳ ಲೆಕ್ಕ) ಮಾತ್ರವಾದರೆ ಮೊದಲು ಕೇಬಲ್ ಬದಲಿಸಿ. ಸಾಮಾನ್ಯವಾಗಿ ತಪ್ಪು ಅದರದೇ ಇರುತ್ತದೆ.

ಎಸ್‌ಎಸ್‌ಡಿಯ ಕಥೆ ಬೇರೆ. ಅಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓದುವ-ಬರೆಯುವ ಹೆಡ್ಡೂ ಇಲ್ಲ. ಬರೆದು ಬರೆದು ಸವೆದ ಬ್ಲಾಕ್‌ಗಳನ್ನು ಒಳಗಿನ ಕಂಟ್ರೋಲರ್ ತಾನೇ ಬದಲಿಸಿಕೊಳ್ಳುತ್ತದೆ. ‘ರಿಪೇರಿ’ ಅಂತ ಮತ್ತೆ ಮತ್ತೆ ಸೊನ್ನೆ ತುಂಬಿಸಿದರೆ ಸವೆತವೇ ಜಾಸ್ತಿ. ಕೆಡುವಾಗ ಅದು ಟಕ್ ಅಂತಲೂ ಅನ್ನುವುದಿಲ್ಲ. ಫೋಟೊಗಳ ಒಂದೇ ಪ್ರತಿ ಅದರಲ್ಲಿ ಇಡಬೇಡಿ.