ವಿಮಾನದ ವೈಫೈಗೆ ಕೆಲಸದ ಮೇಲೆ ಓಡಾಡುವವರು ಯಾವಾಗ ದುಡ್ಡು ಕೊಡಬೇಕು, ಯಾವಾಗ ಬಿಡಬೇಕು?

ತಿಂಗಳಿಗೆ ನಾಲ್ಕಾರು ಸಲ ಕೆಲಸದ ಮೇಲೆ ವಿಮಾನ ಹತ್ತುತ್ತೀರಿ, ಒಂದರಲ್ಲಿ ವೈಫೈ ಪುಕ್ಕಟೆ, ಇನ್ನೊಂದರಲ್ಲಿ 8 ಡಾಲರ್, ಮತ್ತೊಂದರಲ್ಲಿ ಅದರ ಮೂರು ಪಟ್ಟು. ಕೊಟ್ಟ ಮೇಲೂ ಆಫೀಸಿನ ಕೆಲಸ ಸಾಗುವುದಿಲ್ಲ, ಹಾಗಾದರೆ ಯಾವಾಗ ಕೊಳ್ಳಬೇಕು ಎಂದು ಕೇಳಿದ್ದೀರಿ. ಬರೀ ಬೆಲೆ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಮೊದಲು ನೋಡಬೇಕಾದ್ದು ಎರಡು: ಯಾವ ಅಳತೆಯಲ್ಲಿ ಮಾರುತ್ತಿದ್ದಾರೆ, ಮತ್ತು ವಿಮಾನದ ಬೆನ್ನ ಮೇಲಿರುವ ಆಂಟೆನಾ ಯಾವ ಬಗೆಯ ಉಪಗ್ರಹಕ್ಕೆ ಮುಖ ಮಾಡಿದೆ.

ಮಾರುವುದು ಎಂಬಿ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ, ಇಡೀ ಹಾರಾಟಕ್ಕೆ, ಇಲ್ಲವೇ ಬರೀ ಮೆಸೇಜಿಗೆ. ಲ್ಯಾಪ್‌ಟಾಪಿಗೆ ಎಂಬಿ ಪ್ಯಾಕ್ ಕೊಳ್ಳಲೇಬೇಡಿ. ಈಗಿನ ಸಾಧಾರಣ ವೆಬ್ ಪುಟವೇ 2-3 ಎಂಬಿ ತಿನ್ನುತ್ತದೆ. 20 ಎಂಬಿ ಎಂದರೆ ಏಳೆಂಟು ಪುಟ. ಅದಾದರೂ ನಿಮ್ಮ ಪಾಲಿಗೆ ಉಳಿಯಬೇಕಲ್ಲ! ವೈಫೈ ಸಿಕ್ಕಿದ್ದೇ ತಡ, ವನ್‌ಡ್ರೈವ್, ಫೋಟೊ ಬ್ಯಾಕಪ್, ವಿಂಡೋಸ್ ಅಪ್‌ಡೇಟ್, ಮೇಲ್‌ಗಳ ಅಟ್ಯಾಚ್‌ಮೆಂಟ್ ಎಲ್ಲವೂ ಒಟ್ಟಿಗೆ ಮುಗಿಬೀಳುತ್ತವೆ. 2014ರ ನವೆಂಬರ್‌ನಲ್ಲಿ ಲಂಡನ್‌ನಿಂದ ಸಿಂಗಪುರಕ್ಕೆ ಹೊರಟ ಪ್ರಯಾಣಿಕರೊಬ್ಬರು 30 ಎಂಬಿ ಪ್ಯಾಕ್ ಕೊಂಡು, ಮಿತಿ ಮೀರಿದ್ದಕ್ಕೆ 1,171 ಡಾಲರ್ ಬಿಲ್ ಬಂದದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಈಗ ಹೆಚ್ಚಿನ ಕಡೆ ಪ್ಯಾಕ್ ಮುಗಿದರೆ ಸಂಪರ್ಕವೇ ಕಡಿಯುತ್ತದೆ, ಆದರೂ 'ಮಿತಿ ಮುಗಿದ ಮೇಲೆ ಏನು' ಎಂಬ ಸಾಲನ್ನು ಓದಿಯೇ ಒತ್ತಿ.

ಯಾವ ಪ್ಯಾಕೇ ಆಗಲಿ, ಕನೆಕ್ಟ್ ಆದ ಕೂಡಲೇ ಆ ನೆಟ್‌ವರ್ಕನ್ನು ಮೀಟರ್ಡ್ (ಡೇಟಾ ಅಳೆದು ಬಳಸಬೇಕಾದದ್ದು) ಎಂದು ಗುರುತು ಮಾಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಆ ನೆಟ್‌ವರ್ಕಿನ ಪ್ರಾಪರ್ಟೀಸ್, ಅದರೊಳಗೆ ಮೀಟರ್ಡ್ ಕನೆಕ್ಷನ್. ಐಫೋನ್‌ನಲ್ಲಿ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿದರೆ ಲೋ ಡೇಟಾ ಮೋಡ್ ಸಿಗುತ್ತದೆ. ಮೀಟರ್ಡ್ ಕಂಡರೆ ವನ್‌ಡ್ರೈವ್ ತಾನೇ ಸುಮ್ಮನಾಗುತ್ತದೆ. ಬೇರೆ ಸಿಂಕ್ ಆ್ಯಪ್‌ಗಳನ್ನು ಹತ್ತುವ ಮೊದಲೇ ಕೈಯಾರೆ ನಿಲ್ಲಿಸಿಡುವುದು ಕ್ಷೇಮ. ಗಂಟೆ ಪ್ಯಾಕಿನದ್ದು ಬೇರೆ ತರಲೆ: ಲಾಗಿನ್ ಆದಲ್ಲಿಂದ ಗಡಿಯಾರ ಓಡುತ್ತದೆ, ನಡುವೆ ಸಿಗ್ನಲ್ ಹೋದರೂ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಇನ್ನು ಉಪಗ್ರಹ. ಹಳೆಯ ಬಗೆಯ ಭೂಸ್ಥಿರ ಉಪಗ್ರಹಗಳು, ಅಂದರೆ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವವು, 35,786 ಕಿ.ಮೀ. ಎತ್ತರದಲ್ಲಿವೆ. ವಿಮಾನದಿಂದ ಅಲ್ಲಿಗೆ, ಅಲ್ಲಿಂದ ನೆಲಕ್ಕೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಪ್ರತಿ ಕ್ಲಿಕ್ಕಿಗೂ ಉತ್ತರ ಬರಲು 600 ಮಿಲಿಸೆಕೆಂಡ್ ಅಥವಾ ಇನ್ನೂ ಹೆಚ್ಚು. ಹೊಸ ಬಗೆಯ ಸ್ಟಾರ್‌ಲಿಂಕ್‌ ಸೇವೆಯ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿರುವುದರಿಂದ ಇದು ಸಾಮಾನ್ಯವಾಗಿ 100 ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಮೇಲ್, ಚಾಟ್, ಡಾಕ್ಯುಮೆಂಟ್ ಡೌನ್‌ಲೋಡಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಮತ್ತು ಬ್ರೌಸರ್‌ನಲ್ಲಿ ತೆರೆದ ಸ್ಪ್ರೆಡ್‌ಶೀಟ್ ಮಾತ್ರ ಹಳೆಯ ಬಗೆಯಲ್ಲಿ ಪ್ರಾಣ ಹಿಂಡುತ್ತವೆ: ಅಕ್ಷರ ಒತ್ತಿ, ಅದು ಮೂಡುವುದನ್ನು ಕಾಯಬೇಕು.

ಕಂಪನಿಯ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಗುಟ್ಟಾಗಿ ಸೇರಿಸುವ ದಾರಿ) ಹಾಕಿದರೆ ಇದು ಇನ್ನೂ ಕೆಡುತ್ತದೆ. ಇದರ ಕಾರಣ ಐಟಿಯವರಲ್ಲೂ ಎಲ್ಲರಿಗೂ ಗೊತ್ತಿರುವುದಿಲ್ಲ. ಭೂಸ್ಥಿರ ಉಪಗ್ರಹದ ಕಂಪನಿಗಳು ಈ ವಿಳಂಬವನ್ನು ಮರೆಮಾಚಲು ವಿಮಾನದಲ್ಲೂ ನೆಲದಲ್ಲೂ ಒಂದೊಂದು ಮಧ್ಯವರ್ತಿ ಸಾಧನ ಇಟ್ಟಿರುತ್ತವೆ. 'ಡೇಟಾ ತಲುಪಿತು' ಎಂಬ ಒಪ್ಪಿಗೆಯನ್ನು ಅದು ಮುಂಚಿತವಾಗಿಯೇ ಕೊಟ್ಟು, ಕಳಿಸುವವರು ಕಾಯದಂತೆ ನೋಡಿಕೊಳ್ಳುತ್ತದೆ. ವಿಪಿಎನ್ ಒಳಗಿನ ಸಂಪರ್ಕವೆಲ್ಲ ಗೂಢಲಿಪಿಯಲ್ಲಿರುವುದರಿಂದ ಆ ಸಾಧನಕ್ಕೆ ಏನೂ ಕಾಣುವುದಿಲ್ಲ, ಸಹಾಯವೂ ಆಗುವುದಿಲ್ಲ. ಸ್ಪೀಡ್ ಟೆಸ್ಟಿನಲ್ಲಿ 10 ಎಂಬಿಪಿಎಸ್ ಕಂಡರೂ ಆಫೀಸಿನ ಫೈಲ್ ತೆವಳುವುದು ಇದಕ್ಕೇ. ಸ್ಪ್ಲಿಟ್ ಟನೆಲ್‌ಗೆ, ಅಂದರೆ ಕೆಲವು ಆ್ಯಪ್‌ಗಳನ್ನಷ್ಟೇ ವಿಪಿಎನ್ ಹೊರಗೆ ಬಿಡುವುದಕ್ಕೆ, ಕಂಪನಿಯ ಒಪ್ಪಿಗೆ ಇದ್ದರೆ ಮೇಲ್ ಮತ್ತು ಟೀಮ್ಸ್ ವಿಪಿಎನ್ ಹೊರಗೆ ಓಡಲಿ. ಒಪ್ಪಿಗೆ ಇಲ್ಲವೆಂದಾದರೆ ಬೇಕಾದ ಫೈಲುಗಳನ್ನೆಲ್ಲ ನೆಲದಲ್ಲೇ ಇಳಿಸಿಕೊಂಡು, ಮೇಲೆ ಆಫ್‌ಲೈನ್ ಕೆಲಸ ಮಾಡಿ, ದುಡ್ಡು ಉಳಿಸಿ.

ಮೀಟಿಂಗ್ ಸೇರುವ ಆಸೆ ಇದ್ದರೆ ಬಿಡುವುದೇ ಲೇಸು. ಒಂದು ಗಂಟೆಯ ಗುಂಪು ವಿಡಿಯೊ ಕರೆಗೆ ಸುಮಾರು 1 ಜಿಬಿ ಬೇಕು, ಎಚ್‌ಡಿ ಆದರೆ 2 ಜಿಬಿ ದಾಟುತ್ತದೆ. ಇಡೀ ವಿಮಾನಕ್ಕೆ ಇಂಟರ್ನೆಟ್ ಬರುವುದು ಒಂದೇ ನಲ್ಲಿಯಲ್ಲಿ, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ವೇಗ ಸಾಕಷ್ಟಿದ್ದರೂ ಎಷ್ಟೋ ಏರ್‌ಲೈನ್‌ಗಳು ಬಾಯಿಬಿಟ್ಟು ಮಾತಾಡುವ ಕರೆಗಳನ್ನು ನಿಷೇಧಿಸಿವೆ.

'ಇಡೀ ಹಾರಾಟ' ಎಂದು ಮಾರಿದ್ದು ಇಡೀ ಹಾರಾಟಕ್ಕೆ ಸಿಗುತ್ತದೆ ಎಂದುಕೊಳ್ಳಬೇಡಿ. ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ ನಿಂತಿರುವುದರಿಂದ ಧ್ರುವದ ಕಡೆಯ ಮಾರ್ಗದಲ್ಲಿ, 75-80 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ, ಅವು ದಿಗಂತಕ್ಕೆ ಇಳಿದುಬಿಡುತ್ತವೆ, ಸಿಗ್ನಲ್ ಇರುವುದಿಲ್ಲ. ಕೆಲವು ದೇಶಗಳ ಆಕಾಶದಲ್ಲಿ ನಿಯಮದ ಕಾರಣಕ್ಕೇ ಬಂದ್ ಆಗಬಹುದು. ನೆಲದ ಟವರ್‌ಗಳಿಂದ ನಡೆಯುವ ವ್ಯವಸ್ಥೆ ಸಮುದ್ರದ ಮೇಲೆ ಸಿಗದು. ಕನೆಕ್ಟಿಂಗ್ ವಿಮಾನ ಇದ್ದರೆ ಪಾಸ್ ಸಾಮಾನ್ಯವಾಗಿ ಒಂದು ಹಾರಾಟಕ್ಕೆ ಮಾತ್ರ, ಎರಡನೆಯದಕ್ಕೆ ಮತ್ತೆ ದುಡ್ಡು.

ಇಷ್ಟು ದುಬಾರಿ ಯಾಕೆ ಎಂದರೆ, ಆಂಟೆನಾ ಮತ್ತು ಅದರ ಮೇಲಿನ ಉಬ್ಬಿದ ಮುಚ್ಚಳದ ತೂಕ, ಗಾಳಿಯ ಎಳೆತದಿಂದ ಹೆಚ್ಚುವ ಇಂಧನ, ಅಳವಡಿಸುವಾಗ ವಿಮಾನ ಹಾರದೆ ನಿಂತಿರುವ ದಿನಗಳು, ಉಪಗ್ರಹದ ಬಾಡಿಗೆ ಎಲ್ಲ ಸೇರುತ್ತವೆ, ಕೊಳ್ಳುವವರು ಕಡಿಮೆ. ವಿಮಾನ ತಯಾರಿಸುವ ಬೋಯಿಂಗ್ 2004ರಲ್ಲಿ ತಂದ 'ಕನೆಕ್ಷನ್' ಎಂಬ ಇಂಟರ್ನೆಟ್ ಸೇವೆ ಗಿರಾಕಿ ಸಾಲದೆ 2006ರಲ್ಲಿ ಮುಚ್ಚಿತು. ಆ ಕೊರತೆಯನ್ನು ಆಫೀಸಿನ ದುಡ್ಡಿನಲ್ಲಿ ಓಡಾಡುವವರಿಂದ ತುಂಬಿಸಿಕೊಳ್ಳುವುದೇ ವಾಡಿಕೆಯಾಗಿತ್ತು ಎನ್ನುವುದು ನನ್ನ ಅಭಿಪ್ರಾಯ. ಈಗ ಗಾಳಿ ತಿರುಗಿದೆ. ಅಮೆರಿಕದ ಏರ್‌ಲೈನ್ ಜೆಟ್‌ಬ್ಲೂ 2013ರಿಂದಲೇ ಪುಕ್ಕಟೆ ಕೊಡುತ್ತಿದೆ. ಅಲ್ಲಿನದೇ ಡೆಲ್ಟಾ 2023ರ ಫೆಬ್ರವರಿಯಲ್ಲಿ ತನ್ನ ಪ್ರಯಾಣಿಕರ ಸದಸ್ಯತ್ವ ಯೋಜನೆಗೆ ಸೇರಿದವರಿಗೆ ಪುಕ್ಕಟೆ ಶುರುಮಾಡಿತು. ಸಿಂಗಪುರ ಏರ್‌ಲೈನ್ಸ್ ಅದೇ ವರ್ಷದ ಜುಲೈನಿಂದ ಎಲ್ಲ ದರ್ಜೆಯ ಸದಸ್ಯರಿಗೂ. ಸದಸ್ಯತ್ವಕ್ಕೆ ಕಾಸು ಬೇಡ, ಆದರೆ ವಿಮಾನದೊಳಗೆ ಕೂತು ಹೊಸ ಖಾತೆ ತೆರೆಯಲು ಹೋದರೆ ಮೇಲ್ ದೃಢೀಕರಣಕ್ಕೇ ಸಿಕ್ಕಿಬೀಳಬಹುದು. ಟಿಕೆಟ್ ಮಾಡುವಾಗಲೇ ಸದಸ್ಯರಾಗಿ, ಸದಸ್ಯ ಸಂಖ್ಯೆಯನ್ನು ಬುಕಿಂಗ್‌ಗೆ ಸೇರಿಸಿ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ. ಬೇರಾವ ಉಪಾಯದಿಂದಲೂ ಇಷ್ಟು ಉಳಿತಾಯ ಆಗುವುದಿಲ್ಲ.

ಕೊಳ್ಳಲೇಬೇಕಾದರೆ ನೆಲದಲ್ಲಿದ್ದಾಗಲೇ ಕೊಳ್ಳಿ. ಎಷ್ಟೋ ಕಡೆ ಮುಂಗಡ ಬೆಲೆ ಕಡಿಮೆ ಎಂಬುದು ಒಂದು. ಕಾರ್ಡಿನ ಒಟಿಪಿ ಎಸ್ಸೆಮ್ಮೆಸ್ ಆಕಾಶದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ ಎಂಬುದು ಇನ್ನೊಂದು. ತಿಂಗಳ ಪಾಸ್ ಇದ್ದರೆ ಅದರ ಬೆಲೆಯನ್ನು ಒಂದು ಹಾರಾಟದ ಬೆಲೆಯಿಂದ ಭಾಗಿಸಿ: 50 ಡಾಲರ್ ಪಾಸ್, 8 ಡಾಲರ್ ಹಾರಾಟ ಎಂದರೆ ತಿಂಗಳಿಗೆ ಏಳು ಹಾರಾಟ ಅದೇ ಏರ್‌ಲೈನ್‌ನಲ್ಲಿ ಆಗಬೇಕು.

ಎಲ್ಲಕ್ಕಿಂತ ದೊಡ್ಡ ಬಿಲ್ ಬರುವುದು ವೈಫೈನಿಂದಲ್ಲ. ಕೆಲವು ವಿಮಾನಗಳಲ್ಲಿ ಏರೋಮೊಬೈಲ್‌ನಂಥ ಪುಟ್ಟ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಏರ್‌ಪ್ಲೇನ್ ಮೋಡ್ ಹಾಕದೆ ರೋಮಿಂಗ್ ಆನ್ ಇಟ್ಟಿದ್ದರೆ ಫೋನ್ ಅದಕ್ಕೆ ಅಂಟಿಕೊಳ್ಳುತ್ತದೆ. ಹೋಗುವ ದೇಶಕ್ಕೆಂದು ನೀವು ಕೊಂಡ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಅಲ್ಲಿ ನಡೆಯದು. ಮೊದಲು ಏರ್‌ಪ್ಲೇನ್ ಮೋಡ್, ಆಮೇಲೆ ವೈಫೈ ಮಾತ್ರ ಆನ್.

ಲಾಗಿನ್ ಪುಟ ತೆರೆಯದಿದ್ದರೆ ತಪ್ಪು ಹೆಚ್ಚಾಗಿ ನಿಮ್ಮ ಲ್ಯಾಪ್‌ಟಾಪ್ ಅಥವಾ ಫೋನಿನದ್ದೇ: ಸದಾ ಆನ್ ಇರುವ ವಿಪಿಎನ್, ಅಥವಾ ಪ್ರೈವೇಟ್ ಡಿಎನ್ಎಸ್ (ವೆಬ್ ವಿಳಾಸ ಹುಡುಕಲು ನೀವೇ ಗೊತ್ತುಮಾಡಿಟ್ಟ ಬೇರೆ ಸರ್ವರ್). ಎರಡನ್ನೂ ಆಫ್ ಮಾಡಿ, ಪುಟ ಬಂದು ಲಾಗಿನ್ ಆದ ಮೇಲೆ ಹಾಕಿಕೊಳ್ಳಿ. ಪಾಸ್ ನಿಮ್ಮ ಸಾಧನದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಅದನ್ನು ಗುರುತಿಸುವ ಸಂಖ್ಯೆಗೆ) ಕಟ್ಟಿಕೊಂಡಿರಬಹುದು. ನಡುವೆ 'ಫರ್ಗೆಟ್ ನೆಟ್‌ವರ್ಕ್' ಒತ್ತಿದರೆ ಅಥವಾ ಆ ಸಂಖ್ಯೆಯ ಬದಲು ಫೋನ್ ತೋರಿಸುವ ಪ್ರೈವೇಟ್ ವೈಫೈ ಅಡ್ರೆಸ್ ಬದಲಾದರೆ ಮತ್ತೆ ದುಡ್ಡು ಕೇಳುತ್ತದೆ. ಫೋನಿಗೆ ಬದಲಿಸಬೇಕಾದರೆ ಮೊದಲು ಲ್ಯಾಪ್‌ಟಾಪಿನಲ್ಲಿ ಲಾಗೌಟ್ ಮಾಡಿ.

ಕೆಲಸವೇ ಆಗದಿದ್ದರೆ ರೀಫಂಡ್ ಕೇಳಲು ಹಿಂಜರಿಯಬೇಡಿ. ಸ್ಪೀಡ್ ಟೆಸ್ಟ್ ಅಥವಾ ತೆರೆಯದ ಪುಟದ ಸ್ಕ್ರೀನ್‌ಶಾಟ್ ಸಮಯದ ಸಮೇತ, ವಿಮಾನದ ಸಂಖ್ಯೆ, ದಿನಾಂಕ, ಸೀಟು, ವಹಿವಾಟಿನ ಸಂಖ್ಯೆ ಇಷ್ಟಿರಲಿ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಏರ್‌ಲೈನ್ ಬದಲು ವಯಾಸ್ಯಾಟ್, ಪ್ಯಾನಾಸೋನಿಕ್‌ನಂಥ ವೈಫೈ ಒದಗಿಸುವ ಕಂಪನಿಯ ಹೆಸರು ಬಂದರೆ ದೂರು ಕೊಡಬೇಕಾದ್ದು ಅವರಿಗೆ. ಅಕೌಂಟ್ಸ್‌ನವರೂ ಆ ಅಪರಿಚಿತ ಹೆಸರು ನೋಡಿ ಕ್ಲೇಮ್ ವಾಪಸ್ ಕಳಿಸುವುದುಂಟು. ರಸೀದಿಯ ಜೊತೆ ಬೋರ್ಡಿಂಗ್ ಪಾಸ್ ಲಗತ್ತಿಸಿ.