ಮಾರ್ಕ್ಸ್ ಬರುತ್ತಿತ್ತು, ಪ್ರಶ್ನೆ ನಿಂತಿತ್ತು

ಪ್ರತಿ ವರ್ಷ ಶಾಲೆಯ ಮೊದಲ ಕಿರುಪರೀಕ್ಷೆ (ಎಫ್‌ಎ) ಮುಗಿಯುವ ಹೊತ್ತಿಗೆ, ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವ ನನ್ನ ಹತ್ತಿರ ಒಂದೇ ಥರದ ಮಕ್ಕಳು ಬರುತ್ತಾರೆ. ಏಳನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆ, ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮೀಡಿಯಂ ಹೈಸ್ಕೂಲು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಸ್ಕೂಲ್ ಬಸ್ಸು ಬರುವಾಗ ವಾಂತಿ. ಭಾನುವಾರ ಮಾತ್ರ ಯಾವ ನೋವೂ ಇಲ್ಲ. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಏನೂ ಇಲ್ಲ ಅಂತ ಹೇಳಿ, ಇತ್ತ ಕಳಿಸಿರುತ್ತಾರೆ.

ಅವರಲ್ಲಿ ಒಬ್ಬಳ ಬಗ್ಗೆ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪನದು ತೆಂಗಿನಕಾಯಿ ವ್ಯಾಪಾರ, ಅಮ್ಮ ಎರಡು ಹಸು ನೋಡಿಕೊಂಡು ಮನೆಯಲ್ಲಿ, ಜೊತೆಗೆ ಅಜ್ಜಿ. ಇಷ್ಟು ಸಾಕು.

ಈ ಕೇಸಿನಲ್ಲಿ ನನ್ನನ್ನು ಕಾಡಿದ್ದು ಏನಂದ್ರೆ, ಹುಡುಗಿಯ ಮಾರ್ಕ್ಸ್ ಬಿದ್ದಿರಲಿಲ್ಲ. ವಿಜ್ಞಾನದಲ್ಲಿ ಚೆನ್ನಾಗಿಯೇ ಬಂದಿತ್ತು. ಕ್ಲಾಸ್ ಟೀಚರು ಡೈರಿಯಲ್ಲಿ ‘ಶಿಸ್ತಿನ ಹುಡುಗಿ, ಗಲಾಟೆ ಮಾಡುವುದಿಲ್ಲ’ ಎಂದು ಬರೆದಿದ್ದರು. ಅಮ್ಮ ಹೇಳಿದ್ದು ಬೇರೆ. "ಮೊದಲೆಲ್ಲ ತಲೆ ತಿಂತಿದ್ಲು ಮೇಡಂ. ಹಾಲು ಯಾಕೆ ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ ಅಂತ. ಈಗ ಏನೂ ಕೇಳಲ್ಲ."

ಅಪ್ಪನಿಗೆ ಅರ್ಥವಾಗದ್ದು ಇದೇ. "ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ಮಕ್ಕಳಿಗೆ ಓದೋ ಹುಮ್ಮಸ್ಸು ಬರುತ್ತೆ ಅಂತ ಸ್ಕೂಲಲ್ಲೇ ಹೇಳಿದ್ರು. ಇವಳಿಗೂ ಆಸೆ ಇತ್ತು. ನಾನೇನು ಬಲವಂತ ಮಾಡಿಲ್ಲ."

ನಿಜ, ಬಲವಂತ ಮಾಡಿರಲಿಲ್ಲ. ಅವಳಿಗೆ ಇಂಗ್ಲಿಷ್ ಬೇಕಿತ್ತು. ಈಗಲೂ ಬೇಕು.

ಮೊದಮೊದಲು ಅವಳು ನನ್ನ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಒಂದು ದಿನ ಸುಮ್ನೆ ವಿಜ್ಞಾನದ ನೋಟ್ಸ್ ತರಲು ಹೇಳಿದೆ. ಮುತ್ತಿನಂಥ ಅಕ್ಷರ. ಒಂದು ಚಿತ್ತು ಇಲ್ಲ, ಒಂದು ತಪ್ಪು ಸ್ಪೆಲ್ಲಿಂಗ್ ಇಲ್ಲ. ಘರ್ಷಣೆಯ ಪಾಠ ನಡೆಯುತ್ತಿತ್ತು. "ಫ್ರಿಕ್ಷನ್ ಅಂದ್ರೇನು ಹೇಳು ಪುಟ್ಟ" ಎಂದೆ. ಕೈ ಕಟ್ಟಿಕೊಂಡು ಎದ್ದು ನಿಂತಳು. ಕೂತೇ ಹೇಳು ಅಂದರೂ ಕೂರಲಿಲ್ಲ. ನಾಲ್ಕೈದು ವಾಕ್ಯ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು. ಕೊನೆಯದು, ‘ಫ್ರಿಕ್ಷನ್ ಈಸ್ ಎ ನೆಸೆಸರಿ ಈವಿಲ್’, ಅಂದರೆ ಘರ್ಷಣೆ ಕೆಟ್ಟದ್ದಾದರೂ ಬೇಕೇ ಬೇಕು. ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಆ ಹೆಸರಿನದೇ ಒಂದು ಭಾಗ ಇದೆ.

"ಸರಿ, ಈಗ ಪುಸ್ತಕ ಬಿಡು. ನಿಮ್ಮ ಮನೇಲಿ ಬೀಸೋ ಕಲ್ಲು ಇದೆಯಾ?"

ಇದೆಯಂತೆ. ಅಜ್ಜಿ ಈಗಲೂ ಹುರುಳಿ ಒಡೆಯೋದು ಅದರಲ್ಲೇ.

"ಕಲ್ಲು ಹಳೇದಾದ್ರೆ ಏನು ಮಾಡ್ತಾರೆ?"

ಹುಡುಗಿ ಕುರ್ಚಿಯಲ್ಲಿ ಕೂತಳು. ತಾನಾಗಿಯೇ. "ಕಲ್ಲು ಸವೆದು ನುಣ್ಣಗಾದ್ರೆ ಕಾಳು ಒಡೆಯಲ್ಲ ಮೇಡಂ, ಸುಮ್ನೆ ಜಾರ್ಕೊಂಡು ಹೊರಗೆ ಬರುತ್ತೆ. ಆಗ ಉಳಿಯಲ್ಲಿ ಕಚ್ಚು ಹೊಡೆಸ್ತಾರೆ. ತರಿತರಿ ಆದ್ಮೇಲೆ ಚೆನ್ನಾಗಿ ಒಡೆಯುತ್ತೆ." ಕೈ ತಿರುಗಿಸಿ ತೋರಿಸಿದಳು. ಬೀಸಿ ಬೀಸಿ ಕಲ್ಲು ಬೆಚ್ಚಗಾಗುವುದನ್ನೂ ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಏನೋ ಯೋಚಿಸಿ ಕೇಳಿದಳು: "ಕಲ್ಲು ಸವೆಸೋದೂ ಘರ್ಷಣೆನೇ, ಕಾಳು ಒಡೆಯೋದೂ ಘರ್ಷಣೆನೇ. ಹಾಗಾದ್ರೆ ಅದು ಒಳ್ಳೇದಾ ಕೆಟ್ಟದ್ದಾ ಮೇಡಂ?"

ಎರಡೇ ನಿಮಿಷದ ಹಿಂದೆ ಅದೇ ಪ್ರಶ್ನೆಯ ಉತ್ತರವನ್ನು ಅವಳೇ ಒಪ್ಪಿಸಿದ್ದಳು. ತಾನು ಹೇಳಿದ್ದು ಅದೇ ಅಂತ ಅವಳಿಗೆ ಗೊತ್ತಿರಲಿಲ್ಲ.

ಇಂಥ ಪ್ರಶ್ನೆ ಕ್ಲಾಸಿನಲ್ಲಿ ಯಾಕೆ ಕೇಳಲ್ಲ ಎಂದೆ. ಆಗ ಹೊರಗೆ ಬಂತು. ಕನ್ನಡ ಮಾತಾಡಿದರೆ ಲೀಡರ್ ಹೆಸರು ಬರೆದುಕೊಳ್ಳುತ್ತಾನೆ, ಹತ್ತು ರೂಪಾಯಿ ದಂಡ. ಇಂಗ್ಲಿಷಿನಲ್ಲಿ ಕೇಳಲು ಹೋದರೆ ಮೊದಲ ಮೂರು ಮಾತಿಗೇ ಹಿಂದಿನ ಬೆಂಚಿನವರು ನಗುತ್ತಾರೆ. ಹಾಗಾಗಿ ಸುಮ್ಮನಿರುವುದೇ ಕ್ಷೇಮ. ಟೀಚರಿಗೆ ಅದು ಶಿಸ್ತಾಗಿ ಕಂಡಿದೆ.

ನಾನು ಕೊಟ್ಟ ಸಲಹೆಗೆ ಎರಡೂ ಕಡೆಯಿಂದ ಬೈಗುಳ ತಿಂದಿದ್ದೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕನ್ನಡ ಶಾಲೆಗೆ ವಾಪಸ್ ಕಳಿಸಿ ಅಂತ ನಾನು ಹೇಳಲಿಲ್ಲ. ಕನ್ನಡಪರ ಗೆಳೆಯರಿಗೆ ಅದು ಬೇಸರ. ಆದರೆ ಹುಡುಗಿಗೆ ಇಂಗ್ಲಿಷ್ ಕಲಿಯುವ ಆಸೆ ಇತ್ತು. ವರ್ಷದ ನಡುವೆ ವಾಪಸ್ ಹೋದರೆ ಊರಲ್ಲೆಲ್ಲ ‘ಫೇಲಾಗಿ ಬಂದ್ಲು’ ಎನ್ನುವ ಮಾತು. ಮೀಡಿಯಂ ಆರಿಸುವ ಹಕ್ಕು ತಂದೆತಾಯಿಯದು ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಕೋರ್ಟು, ಸರ್ಕಾರ ಮಾಡಿದ ತೀರ್ಮಾನವನ್ನು ಹದಿಮೂರು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ವಾದ ಮಾಡಿಸುವುದು ನನ್ನ ಕೆಲಸ ಅಲ್ಲ.

ಆದರೆ ‘ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ಉತ್ಸಾಹ ತಾನಾಗೇ ಬರುತ್ತೆ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇದನ್ನು ಹೇಳುವವರು ಕೆನಡಾದ ಉದಾಹರಣೆ ಕೊಡುತ್ತಾರೆ. 1965ರಲ್ಲಿ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಶಾಲೆ ಶುರುವಾಯಿತು, ಚೆನ್ನಾಗಿಯೇ ನಡೆಯಿತು. ಆದರೆ ಅಲ್ಲಿನ ಟೀಚರುಗಳಿಗೆ ಮಕ್ಕಳ ಮಾತು ಅರ್ಥವಾಗುತ್ತಿತ್ತು. ಮೊದಮೊದಲು ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡಬಹುದಿತ್ತು. ದಂಡ ಇರಲಿಲ್ಲ. ಇನ್ನೊಂದು ಕಡೆ ಮಲೇಷ್ಯಾ ಇದೆ. 2003ರಲ್ಲಿ ಗಣಿತ, ವಿಜ್ಞಾನ ಎರಡನ್ನೂ ಇಂಗ್ಲಿಷಿಗೆ ತಿರುಗಿಸಿತು, 2009ರಲ್ಲಿ ಹಿಂದೆ ಸರಿಯುವ ತೀರ್ಮಾನ ಮಾಡಿತು. ಹಳ್ಳಿ ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಎನ್ನುವುದು ಕಾರಣಗಳಲ್ಲೊಂದು. ಜಿಮ್ ಕಮಿನ್ಸ್ ಎಂಬ ಕೆನಡಾದ ವಿದ್ವಾಂಸರು ಹೇಳಿದ್ದು ಇಷ್ಟು: ಹೊಸ ಭಾಷೆಯಲ್ಲಿ ಆಟದ ಮಾತು ಎರಡು ವರ್ಷದಲ್ಲಿ ಬರಬಹುದು, ಪಾಠದ ಭಾಷೆ ಕೈಹತ್ತಲು ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಮುತ್ತ ಆ ಭಾಷೆಯೇ ಕಿವಿಗೆ ಬೀಳುವ ದೇಶದಲ್ಲಿ. ನಮ್ಮ ಹುಡುಗಿಗೆ ಎಸ್‌ಎಸ್‌ಎಲ್‌ಸಿಗೆ ಇದ್ದದ್ದು ಮೂರು ವರ್ಷ.

ಅಪ್ಪನ ಹತ್ತಿರ ಇದನ್ನೆಲ್ಲ ಹೇಳಲಿಲ್ಲ. ಅವರೇ ಮಾತು ತೆಗೆದರು. "ನೀರಿಗೆ ತಳ್ಳಿದ್ರೆ ತಾನೇ ಮೇಡಂ ಈಜು ಬರೋದು?" ನಿಮಗೆ ಈಜು ಕಲಿಸುವಾಗ ಸೊಂಟಕ್ಕೆ ಏನೂ ಕಟ್ಟಿರಲಿಲ್ಲವಾ ಎಂದು ಕೇಳಿದೆ. ನಕ್ಕರು. "ಕಟ್ಟಿದ್ರು. ಎರಡು ಒಣಗಿದ ತೆಂಗಿನಕಾಯಿ, ಮೇಲೆ ಹಗ್ಗ ಹಿಡ್ಕೊಂಡು ನಮ್ಮಪ್ಪ." ಅಲ್ಲಿಂದ ಮುಂದೆ ಮಾತು ಸಲೀಸಾಯಿತು.

ಸಲಹೆ ದೊಡ್ಡದೇನಲ್ಲ. ಎಂಟನೇ ಕ್ಲಾಸಿನ ವಿಜ್ಞಾನ ಕನ್ನಡ ಮಾಧ್ಯಮದಲ್ಲೂ ಅದೇ ಪಾಠ, ಅದೇ ಚಿತ್ರ. ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಾಳೆ ಕ್ಲಾಸಿನಲ್ಲಿ ನಡೆಯುವ ಪಾಠವನ್ನು ಇವತ್ತು ಸಂಜೆ ಕನ್ನಡದಲ್ಲಿ ಓದುವುದು. ಓದಿದ್ದನ್ನು ಅಜ್ಜಿಗೆ ಹೇಳುವುದು. ಅಜ್ಜಿಗೆ ಓದು ಬರುವುದಿಲ್ಲ, ಅದೇ ಅನುಕೂಲ. ಬಾಯಿಪಾಠ ಒಪ್ಪಿಸಿದರೆ ಅಜ್ಜಿ "ಏನಂದೆ?" ಅನ್ನುತ್ತಾರೆ. ಮಾರನೇ ದಿನ ಇಂಗ್ಲಿಷಿನಲ್ಲಿ ಪಾಠ ಕೇಳುವಾಗ ವಿಷಯ ಗೊತ್ತಿರುತ್ತದೆ, ಭಾಷೆ ಮಾತ್ರ ಹೊಸದು. ಆಮೇಲೆ ದಿನಾ ಎರಡು ವಾಕ್ಯ ತನ್ನದೇ ಇಂಗ್ಲಿಷಿನಲ್ಲಿ, ತಪ್ಪಾದರೂ ಸರಿ. ರೆಡಿ ಉತ್ತರ ಬರೆಸುವ ಟ್ಯೂಶನ್ನು ಬಿಡಿಸಿದೆ. ಅಪ್ಪ ಮೊದಲು ಒಪ್ಪಲಿಲ್ಲ, ಫೀಸು ಕಟ್ಟಿಯಾಗಿತ್ತು. ಇನ್ನೊಂದು ಮಾತು ಅಪ್ಪನಿಗೇ ಹೇಳಿದ್ದು: ನೆಂಟರು ಬಂದಾಗ "ಇಂಗ್ಲಿಷಲ್ಲಿ ಏನಾದ್ರೂ ಹೇಳಮ್ಮ" ಅಂತ ಮಗಳನ್ನು ನಿಲ್ಲಿಸಬೇಡಿ.

ಇಷ್ಟು ಮಾಡಿದರೆ ಮಾರ್ಕ್ಸ್ ಜಾಸ್ತಿಯಾಗುತ್ತಾ ಅಂತ ಎಲ್ಲ ಅಪ್ಪಂದಿರೂ ಕೇಳುತ್ತಾರೆ. ಇವಳಿಗೆ ಮುಂದಿನ ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆಯೇ ಬಂತು. ಸ್ವಂತ ವಾಕ್ಯ ಬರೆದಿದ್ದಳು, ಗ್ರಾಮರ್ ತಪ್ಪಿತ್ತು. ಹೀಗಾಗಬಹುದು ಅಂತ ಮೊದಲೇ ಹೇಳಿಟ್ಟಿದ್ದೆ, ಹಾಗಾಗಿ ಮನೆಯಲ್ಲಿ ರಂಪ ಆಗಲಿಲ್ಲ. ನಾನು ಅಪ್ಪ ಅಮ್ಮಂದಿರಿಗೆ ಕೇಳುವುದು ಬೇರೆ: ಈ ವಾರ ಮಗು ಪಾಠದ ಬಗ್ಗೆ ಮನೆಯಲ್ಲಿ ಏನಾದರೂ ಕೇಳಿತಾ? ಏನೂ ಕೇಳಿಲ್ಲ ಅಂದರೆ ನೂರಕ್ಕೆ ತೊಂಬತ್ತು ಬಂದರೂ ನನಗೆ ಸಮಾಧಾನ ಇಲ್ಲ.

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ವಾಂತಿ ನಿಂತಿದೆ. ಅಪ್ಪ ಅಮ್ಮನ ಒಪ್ಪಿಗೆ ಪಡೆದು ಶಾಲೆಯವರ ಜೊತೆಗೂ ಮಾತಾಡಿದೆ. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ದಂಡ ತೆಗೆಯಿರಿ ಎಂದೆ. ತೆಗೆಯಲಿಲ್ಲ, ಪೇರೆಂಟ್ಸೇ ಕೇಳುತ್ತಾರಂತೆ. ವಿಜ್ಞಾನದ ಮೇಡಂ ಮಾತ್ರ ತಮ್ಮ ಪೀರಿಯಡ್ಡಿನಲ್ಲಿ ಹೆಸರು ಬರೆಯುವುದು ಬೇಡ, ಪ್ರಶ್ನೆ ಯಾವ ಭಾಷೆಯಲ್ಲಾದರೂ ಕೇಳಿ ಅಂದಿದ್ದಾರೆ. ಗಣಿತದ ಸರ್ ಜೊತೆ ಮಾತಾಡುವುದು ಇನ್ನೂ ಬಾಕಿ ಇದೆ.